ತಾರಸಿಯ ಮೇಲೆ ಆಫ್ರಿಕನ್ ಗ್ರೇ ಜೋಡಿ: ಪಂಜರ, ಗೂಡುಪೆಟ್ಟಿಗೆ, ಮರಿಗಳು

ಆಫ್ರಿಕನ್ ಗ್ರೇ ಅನ್ನುವ ಬೂದು ಗಿಳಿಯ ಜೋಡಿ ತಂದು ಪಂಜರಕ್ಕೊಂದು ಮರದ ಪೆಟ್ಟಿಗೆ ನೇತುಹಾಕಿದರೆ ಸಾಕು, ಮೊಟ್ಟೆ ಇಡುತ್ತವೆ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಲವ್‌ಬರ್ಡ್ಸ್, ಕಾಕಟೀಲ್ ಥರದ ಪುಟ್ಟ ಗಿಳಿಗಳನ್ನು ಸಾಕಿ ಅಭ್ಯಾಸ ಇರುವವರಿಗೆ ಹಾಗನ್ನಿಸುವುದು ಸಹಜ. ಗ್ರೇ ಹಾಗಲ್ಲ. ಅದಕ್ಕೆ ಬುದ್ಧಿ ಎಷ್ಟಿದೆಯೋ ಅನುಮಾನವೂ ಅಷ್ಟೇ ಇದೆ. ಹೊಸ ಬಕೆಟ್ ಕಂಡರೂ ಮೂಲೆಗೆ ಹೋಗಿ ಕೂರುತ್ತದೆ. ಜಾಗದ ಮೇಲೆ ನಂಬಿಕೆ ಬರುವ ತನಕ ಗೂಡಿನ ಕಡೆ ತಿರುಗಿಯೂ ನೋಡುವುದಿಲ್ಲ. ಹಾಗಾಗಿ ಮೈಸೂರಿನ ನಮ್ಮ ಮನೆಯ ತಾರಸಿ ಮೇಲೆ ಈ ಜೋಡಿಗೆ ಜಾಗ ಕಟ್ಟುವಾಗ ಪ್ರತಿ ಹಂತದಲ್ಲೂ ಒಂದೇ ಪ್ರಶ್ನೆ ಕೇಳಿಕೊಂಡೆ: ಇದರಿಂದ ಹಕ್ಕಿಯ ಹೆದರಿಕೆ ಕಮ್ಮಿಯಾಗುತ್ತದಾ, ಜಾಸ್ತಿಯಾಗುತ್ತದಾ? ಕಂಬಿಯ ದಪ್ಪದಿಂದ ಹಿಡಿದು ಪೆಟ್ಟಿಗೆಯ ತೂತಿನ ತನಕ ಎಲ್ಲವನ್ನೂ ತೀರ್ಮಾನ ಮಾಡಿದ್ದು ಅದರ ಮೇಲೆಯೇ.

ಮೊದಲು ಜೋಡಿಯ ವಿಷಯ. ಗ್ರೇಯಲ್ಲಿ ಗಂಡು ಯಾವುದು, ಹೆಣ್ಣು ಯಾವುದು ಅಂತ ಕಣ್ಣಲ್ಲಿ ನೋಡಿ ಹೇಳಲು ಬರುವುದಿಲ್ಲ. ತಲೆ ಚಪ್ಪಟೆ, ರೆಕ್ಕೆ ಬಣ್ಣ ಗಾಢ ಅಂತ ಮಾರುವವರು ಏನೇನೋ ಗುರುತು ಹೇಳುತ್ತಾರೆ. ಅದನ್ನು ನಂಬಿ ಎರಡು ಗಂಡನ್ನೋ ಎರಡು ಹೆಣ್ಣನ್ನೋ ವರ್ಷಗಟ್ಟಲೆ ಜೋಡಿ ಅಂತ ಸಾಕಿದವರಿದ್ದಾರೆ. ಎದೆಯಿಂದ ಬುಡ ಸಮೇತ ತೆಗೆದ ಒಂದೆರಡು ಪುಕ್ಕ ಲ್ಯಾಬಿಗೆ ಕಳಿಸಿ ಡಿಎನ್‌ಎ ಪರೀಕ್ಷೆ ಮಾಡಿಸುವುದೇ ನಂಬಬಹುದಾದ ದಾರಿ. ಪುಕ್ಕ ಮತ್ತು ಕೊಕ್ಕಿನ ಕಾಯಿಲೆ ತರುವ ಪಿಬಿಎಫ್‌ಡಿ ವೈರಸ್ಸಿನ ಪರೀಕ್ಷೆಯನ್ನೂ ಜೊತೆಗೇ ಮಾಡಿಸಿಬಿಡಬೇಕು. ವಯಸ್ಸಿಗೆ ಮಾತ್ರ ಕಣ್ಣು ಸ್ವಲ್ಪ ಸುಳಿವು ಕೊಡುತ್ತದೆ. ಮರಿಯ ಕಣ್ಣು ಕಪ್ಪು, ಆಮೇಲೆ ಬೂದು, ದೊಡ್ಡದಾದ ಮೇಲೆ ತಿಳಿ ಹಳದಿ. ಮರಿ ಮಾಡುವ ವಯಸ್ಸು ಬರಲು ಮೂರರಿಂದ ಐದು ವರ್ಷ ಬೇಕು. ಮರಿ ತಂದು ಮುಂದಿನ ವರ್ಷವೇ ಮೊಟ್ಟೆ ಕಾಯುವವರಿಗೆ ಇದು ಗೊತ್ತಿರಲಿ.

ಗಂಡು ಹೆಣ್ಣು ಅಂತ ಖಚಿತವಾದರೂ ಒಂದೇ ಪಂಜರಕ್ಕೆ ತುಂಬುವಂತಿಲ್ಲ. ಒಲ್ಲದ ಜೋಡಿ ಕಾಲಿನ ಬೆರಳು ಕಚ್ಚಿ ತೆಗೆಯುವಷ್ಟು ಜಗಳ ಆಡುತ್ತವೆ. ನಮ್ಮ ಎರಡನ್ನೂ ಹಾಲ್‌ನಲ್ಲಿ ಅಕ್ಕಪಕ್ಕದ ಪಂಜರಗಳಲ್ಲಿ ಇಟ್ಟಿದ್ದೆವು. ಕ್ರಮೇಣ ರಾತ್ರಿ ಮಲಗುವಾಗ ಇಬ್ಬರೂ ಒಬ್ಬರ ಕಡೆ ಒಬ್ಬರು ಸರಿದು ಕೂರತೊಡಗಿದರು. ಆಮೇಲೆ ಗಂಡು ತಾನು ತಿಂದಿದ್ದನ್ನು ಕಕ್ಕಿ ಕಂಬಿಯ ಸಂದಿಯಿಂದ ಅವಳಿಗೆ ಕೊಡಲು ಶುರುಮಾಡಿದ. ರೆಕ್ಕೆ ಸ್ವಲ್ಪ ಇಳಿಬಿಟ್ಟು, ಕುತ್ತಿಗೆ ಮೇಲೆ ಕೆಳಗೆ ಆಡಿಸಿ, ಕುಕ್ಕುಕ್ಕಿ ತಿನ್ನಿಸುವುದು ನೋಡಿದ ಮೇಲೆ ತಾರಸಿಯ ಕೆಲಸಕ್ಕೆ ಕೈಹಾಕಬಹುದು ಅಂತ ಧೈರ್ಯ ಬಂತು.

ಕಾಗದಪತ್ರ

ಮರ, ಕಬ್ಬಿಣ ತರುವ ಮೊದಲು ಆಗಬೇಕಾದ ಕೆಲಸ ಇದು. ಆಫ್ರಿಕನ್ ಗ್ರೇ ಮಧ್ಯ ಮತ್ತು ಪಶ್ಚಿಮ ಆಫ್ರಿಕಾದ ಮಳೆಕಾಡಿನ ಹಕ್ಕಿ. ಕಾಂಗೋ, ಕ್ಯಾಮರೂನ್, ಗ್ಯಾಬನ್, ಘಾನಾ ಇದರ ಊರು. ದಶಕಗಳ ಕಾಲ ಅಲ್ಲಿಂದ ಹತ್ತು ಲಕ್ಷಕ್ಕೂ ಜಾಸ್ತಿ ಹಕ್ಕಿಗಳನ್ನು ಹಿಡಿದು ಹೊರದೇಶಗಳಿಗೆ ಮಾರಿದ್ದಾರೆ. ದಾರಿಯಲ್ಲಿ ಸತ್ತವು ಆ ಲೆಕ್ಕಕ್ಕೆ ಬರುವುದೇ ಇಲ್ಲ. ಘಾನಾದಲ್ಲಿ 1992ರಿಂದ ಈಚೆಗೆ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಹಕ್ಕಿಗಳು ಇಲ್ಲವಾಗಿವೆ ಅಂತ 2016ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಅದೇ ವರ್ಷ ಜೊಹಾನ್ಸ್‌ಬರ್ಗ್‌ನಲ್ಲಿ ಸೇರಿದ ಸೈಟಿಸ್ (ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಸಭೆ ಗ್ರೇಯನ್ನು ಅತಿ ಬಿಗಿ ರಕ್ಷಣೆಯ ಮೊದಲನೇ ಅನುಬಂಧಕ್ಕೆ ಸೇರಿಸಿತು. 2017ರ ಜನವರಿಯಿಂದ ಕಾಡಿನ ಗ್ರೇಗಳನ್ನು ದೇಶದಿಂದ ದೇಶಕ್ಕೆ ಮಾರುವುದು ನಿಷೇಧ. ಮನೆಯಲ್ಲಿ ಗ್ರೇ ಇಟ್ಟುಕೊಂಡ ಪ್ರತಿಯೊಬ್ಬರಿಗೂ ಇದು ಗೊತ್ತಿರಬೇಕು. ನಮ್ಮ ಕೈಲಿರುವ ಹಕ್ಕಿ ಎಲ್ಲಿ ಹುಟ್ಟಿದ್ದು ಅನ್ನುವುದು ನಮ್ಮದೇ ಜವಾಬ್ದಾರಿ.

ನಮ್ಮ ದೇಶದಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಸೈಟಿಸ್ ಪಟ್ಟಿಯ ಜೀವಿಗಳು ಈಗ ಅದರ ನಾಲ್ಕನೇ ಶೆಡ್ಯೂಲಿನಲ್ಲಿವೆ. ಅಂಥ ಪ್ರಾಣಿಪಕ್ಷಿ ಇಟ್ಟುಕೊಂಡವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ 2.0 ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು ಅಂತ 2024ರ ನಿಯಮ ಹೇಳುತ್ತದೆ. ಹೊಸದಾಗಿ ತಂದರೆ 30 ದಿನದೊಳಗೆ. ಸಾಕುವುದು ಒಂದು, ಮರಿ ಮಾಡಿಸುವುದು ಇನ್ನೊಂದು. ಮೊದಲನೇ ಅನುಬಂಧದ ಜೀವಿಯನ್ನು ಮರಿ ಮಾಡಿಸಲು ಮುಖ್ಯ ವನ್ಯಜೀವಿ ಪರಿಪಾಲಕರ ಬಳಿ ಬೇರೆಯೇ ಲೈಸೆನ್ಸ್ ಪಡೆಯಬೇಕು. ಆ ನಿಯಮ 2023ರಲ್ಲಿ ಬಂತು. ಬಿಲ್ಲು, ಕಾಲಿನ ರಿಂಗ್ ನಂಬರು, ಡಿಎನ್‌ಎ ವರದಿ ಮೂರನ್ನೂ ಒಂದೇ ಫೈಲಿನಲ್ಲಿ ಇಟ್ಟುಕೊಂಡರೆ ಅರ್ಜಿ ತುಂಬುವುದು ಸಲೀಸು. ಬಿಲ್ಲು ಕೊಡಲ್ಲ ಅನ್ನುವವರ ಹತ್ತಿರ ಹಕ್ಕಿ ತೆಗೆದುಕೊಳ್ಳಲೇಬೇಡಿ, ಎಷ್ಟೇ ಕಮ್ಮಿಗೆ ಕೊಟ್ಟರೂ.

ಜಾಗ ಮತ್ತು ಕಟ್ಟಡ

ತಾರಸಿಯ ಈಶಾನ್ಯ ಮೂಲೆ ಆರಿಸಿಕೊಂಡೆ. ಬೆಳಗಿನ ಬಿಸಿಲು ನೇರ ಬೀಳುತ್ತದೆ, ಮಧ್ಯಾಹ್ನದ್ದು ಬೀಳುವುದಿಲ್ಲ. ಮುಂಗಾರಿನ ಇರಚಲು ಬರುವುದು ಪಶ್ಚಿಮದಿಂದ, ಆ ಕಡೆ ನೀರಿನ ಟ್ಯಾಂಕಿನ ಗೋಡೆ ಇದೆ. ಉತ್ತರಕ್ಕೂ ಗೋಡೆ. ಹೀಗೆ ಎರಡು ಕಡೆ ಮುಚ್ಚಿರುವುದು ತುಂಬ ಮುಖ್ಯ. ನಾಲ್ಕೂ ಕಡೆ ತೆರೆದ ಪಂಜರದಲ್ಲಿ ಗ್ರೇಗೆ ಬೆನ್ನು ಕೊಟ್ಟು ಕೂರಲು ಜಾಗವೇ ಇರುವುದಿಲ್ಲ. ಹದ್ದು ಯಾವ ದಿಕ್ಕಿನಿಂದ ಬರುತ್ತದೋ ಅಂತ ದಿನವಿಡೀ ಕುತ್ತಿಗೆ ತಿರುಗಿಸುತ್ತಲೇ ಇರುತ್ತದೆ. ನಮ್ಮ ತಾರಸಿ ಮೇಲೆ ಗರುಡ, ಹದ್ದು ಎರಡೂ ಸುತ್ತುತ್ತವೆ. ಹಾಗಾಗಿ ಗೋಡೆ ಇರುವ ಮೂಲೆಯೇ ಗೂಡಿನ ಮೂಲೆ ಅಂತ ಮೊದಲೇ ಗೆರೆ ಎಳೆದೆ.

ಅಳತೆ: ಉದ್ದ 12 ಅಡಿ, ಅಗಲ 5 ಅಡಿ, ಎತ್ತರ 7 ಅಡಿ. ಉದ್ದದಲ್ಲಿ 3 ಅಡಿ ಒಳಬಾಗಿಲಿನ ಮುಂದಿನ ಪುಟ್ಟ ಕೋಣೆಗೆ ಹೋಯಿತು. ಹೊರಬಾಗಿಲು ತೆರೆದು ಒಳಗೆ ಬಂದು, ಅದನ್ನು ಮುಚ್ಚಿ, ಆಮೇಲೆ ಒಳಬಾಗಿಲು ತೆರೆಯಬೇಕು.

"ಅಕ್ಕಾ, ಎರಡೆರಡು ಬಾಗಿಲು ಯಾಕೆ? ಸುಮ್ನೆ ದುಡ್ಡು ದಂಡ," ಅಂದರು ವೆಲ್ಡರ್ ಅಣ್ಣ.

"ಅಣ್ಣಾ, ಹಾರಿಹೋದ್ರೆ ಎಲ್ಲಿ ಅಂತ ಹುಡುಕೋದು?"

2022ರ ಜುಲೈಯಲ್ಲಿ ತುಮಕೂರಿನಲ್ಲಿ ಒಂದು ಗ್ರೇ ಮನೆಯಿಂದ ಹಾರಿಹೋಗಿ, ಊರ ತುಂಬ ಪೋಸ್ಟರ್ ಅಂಟಿಸಿದ್ದು ಎಲ್ಲ ಪೇಪರಿನಲ್ಲೂ ಬಂದಿತ್ತು. 50 ಸಾವಿರ ಬಹುಮಾನ ಅಂತ ಹೇಳಿದ್ದ ಮನೆಯವರು, ಹಕ್ಕಿ ಸಿಕ್ಕಾಗ 85 ಸಾವಿರ ಕೊಟ್ಟರು. ಆ ಸುದ್ದಿ ಹೇಳಿದ ಮೇಲೆ ಅಣ್ಣ ಎರಡನೇ ಬಾಗಿಲಿಗೆ ತಾವೇ ಸ್ಪ್ರಿಂಗ್ ಕೂರಿಸಿ, ಕೈಬಿಟ್ಟರೆ ತಾನಾಗಿ ಮುಚ್ಚುವ ಹಾಗೆ ಮಾಡಿಕೊಟ್ಟರು. ಚಿಲಕಕ್ಕೆ ಬೀಗ ಬೇಕೇ ಬೇಕು. ಬರೀ ಕೊಂಡಿ ಹಾಕಿದರೆ ಗ್ರೇ ನಾಲಿಗೆ, ಕೊಕ್ಕು ಎರಡೂ ಸೇರಿಸಿ ತೆಗೆದುಬಿಡುತ್ತದೆ.

ಚೌಕಟ್ಟು ಕಬ್ಬಿಣದ ಸ್ಕ್ವೇರ್ ಪೈಪ್‌ನದು. ಮೆಶ್‌ನ್ನು ಚೌಕಟ್ಟಿನ ಒಳಮೈಗೆ ಕೂರಿಸಿದೆವು, ಹೊರಮೈಗಲ್ಲ. ಹೀಗೆ ಮಾಡಿದರೆ ಪೈಪಿಗೆ ಬಳಿದ ಬಣ್ಣ ಕೊಕ್ಕಿಗೆ ಸಿಗುವುದು ಕಷ್ಟ. ಬಣ್ಣದಲ್ಲಿ ಸೀಸ ಇದ್ದರೆ ಗಿಳಿಗೆ ವಿಷ. 2017ರ ನವೆಂಬರ್‌ನಿಂದ ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷಕ್ಕೆ 90 ಭಾಗ) ದಾಟುವಂತಿಲ್ಲ, ಆದರೆ ಇಂಡಸ್ಟ್ರಿಯಲ್ ಪೇಂಟ್‌ಗಳು ಆ ನಿಯಮದಡಿ ಬರುವುದಿಲ್ಲ. ಆದ್ದರಿಂದ ಡಬ್ಬದ ಮೇಲೆ ಸೀಸ ಸೇರಿಸಿಲ್ಲ ಅಂತ ಬರೆದಿರುವುದನ್ನೇ ಓದಿ ತಂದೆ. ಬಳಿದಾದ ಮೇಲೆ ವಾಸನೆ ಪೂರ್ತಿ ಹೋಗುವ ತನಕ ಪಂಜರ ಖಾಲಿ ಬಿಟ್ಟೆವು.

ಮೆಶ್ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಅಂಗಡಿಯಲ್ಲಿ ಸುಲಭವಾಗಿ ಸಿಗುವುದು ಜಿಐ ಮೆಶ್, ಅಂದರೆ ಸತುವಿನ ಲೇಪ ಇರುವುದು. ಗಿಳಿ ಕಂಬಿ ಹತ್ತುವುದು ಕೊಕ್ಕಿನಿಂದ. ದಿನವಿಡೀ ಕಚ್ಚುತ್ತಾ, ನೆಕ್ಕುತ್ತಾ ಇರುತ್ತದೆ. ಆ ಲೇಪದ ಚೂರುಗಳು ಹೊಟ್ಟೆಗೆ ಹೋಗಿ ಸತುವಿನ ವಿಷ ಏರುತ್ತದೆ. ಹೊಸ ಜಿಐ ಪಂಜರಕ್ಕೆ ಬಿಟ್ಟ ಕೆಲವೇ ವಾರಗಳಲ್ಲಿ ಹಕ್ಕಿ ಸೊರಗಿ ಸತ್ತಿರುವ ಕಥೆಗಳು ಸಾಕುವವರಲ್ಲಿ ಬೇಕಾದಷ್ಟಿವೆ. ಬೇರೆ ದಾರಿಯೇ ಇಲ್ಲದಿದ್ದರೆ ವಿನೆಗರ್ ಹಾಕಿ ವೈರ್ ಬ್ರಶ್ಶಿನಿಂದ ಬಿಳಿ ಪುಡಿ ಎಲ್ಲ ಹೋಗುವ ಹಾಗೆ ಉಜ್ಜಿ, ತೊಳೆದು, ಬಿಸಿಲಿಗಿಡುತ್ತಾರೆ. ಅದರಿಂದ ಅಪಾಯ ಕಮ್ಮಿಯಾಗುತ್ತದೆ, ಹೋಗುವುದಿಲ್ಲ. ವರ್ಷಾನುಗಟ್ಟಲೆ ಅದರಲ್ಲೇ ಬದುಕಬೇಕಾದ ಜೋಡಿಗೆ ಸ್ಟೀಲೇ ಸರಿ.

ತಂದಿದ್ದು 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್, ಒಂದಿಂಚು ಕಣ್ಣು, 12 ಗೇಜ್, ಅಂದರೆ ಸುಮಾರು ಎರಡೂವರೆ ಮಿಲಿಮೀಟರ್ ದಪ್ಪ. ತೆಳು ಕಂಬಿ ಹಾಕಿದರೆ ಗ್ರೇ ಬಗ್ಗಿಸಿಬಿಡುತ್ತದೆ. 304 ಅಂತ ಹೇಳಿ ಕೆಳದರ್ಜೆಯ 202 ಕೊಡುವುದು ಮಾರ್ಕೆಟ್‌ನಲ್ಲಿ ಮಾಮೂಲು. ಅಯಸ್ಕಾಂತ ಹಿಡಿದು ನೋಡಿದರೆ ಗೊತ್ತಾಗುವುದಿಲ್ಲ, ಎರಡೂ ಹೆಚ್ಚುಕಮ್ಮಿ ಅಂಟುವುದಿಲ್ಲ. ಪರೀಕ್ಷೆಗೆ ಒಂದು ದ್ರಾವಣ ಸಿಗುತ್ತದೆ. ಒಂದು ಹನಿ ಹಾಕಿ 9 ವೋಲ್ಟ್ ಬ್ಯಾಟರಿ ಮುಟ್ಟಿಸಿದರೆ, 202ರಲ್ಲಿ ಮ್ಯಾಂಗನೀಸ್ ಜಾಸ್ತಿ ಇರುವುದರಿಂದ ಹನಿ ಕೆಂಪಗಾಗುತ್ತದೆ. ಅಂಗಡಿಯಲ್ಲೇ ನಿಂತು ಸುರುಳಿಯ ಎರಡೂ ತುದಿಗೆ ಹಾಕಿ ನೋಡಿದೆ. 202ರಿಂದ ಹಕ್ಕಿಗೆ ಸತುವಿನ ಭಯ ಇಲ್ಲ ನಿಜ, ಆದರೆ ಮಳೆಯಲ್ಲಿ, ಹಿಕ್ಕೆಯಲ್ಲಿ ಬೇಗ ತುಕ್ಕು ಹಿಡಿಯುತ್ತದೆ.

ಮೆಶ್‌ನಿಂದ ನಾಲ್ಕಿಂಚು ಹೊರಗೆ ಇನ್ನೊಂದು ಪದರ ಸೊಳ್ಳೆಪರದೆ ಬಿಗಿದೆವು. ಸೊಳ್ಳೆಯಿಂದ ಹಕ್ಕಿಸಿಡುಬು ಹರಡುತ್ತದೆ. ರಾತ್ರಿ ಕಂಬಿ ಹಿಡಿದು ಮಲಗಿದ ಹಕ್ಕಿಯ ಬೆರಳನ್ನು ಬೆಕ್ಕು ಹೊರಗಿನಿಂದ ಹಿಡಿಯುವುದನ್ನೂ ಆ ನಾಲ್ಕಿಂಚು ತಪ್ಪಿಸುತ್ತದೆ. ಕೆಳಗಿನ ಎರಡು ಅಡಿಗೆ ಅರ್ಧ ಇಂಚಿನ ಮೆಶ್ ಸುತ್ತಿ, ಬುಡಕ್ಕೆ ಸಿಮೆಂಟ್ ಹಾಕಿದ್ದು ಇಲಿ, ಹೆಗ್ಗಣಕ್ಕೆ.

ಮೇಲೆ ಮೂರನೇ ಎರಡು ಭಾಗಕ್ಕೆ ಮಂಗಳೂರು ಹೆಂಚು, ಅದರ ಕೆಳಗೆ ಮೆಶ್. ತಗಡಿನ ಶೀಟ್ ಬೇಸಿಗೆಯಲ್ಲಿ ಕಾಯುತ್ತದೆ, ಮಳೆ ಬಿದ್ದಾಗ ಅದರ ಸದ್ದಿಗೆ ಹಕ್ಕಿ ಗಾಬರಿ ಬೀಳುತ್ತದೆ. ಉಳಿದ ಮೂರನೇ ಒಂದು ಭಾಗ ಬರೀ ಮೆಶ್. ಬಿಸಿಲೂ ಮಳೆಯೂ ಒಳಗೆ ಬರಲಿ ಅಂತ. ಗ್ರೇ ಮೈಯಿಂದ ಬಿಳಿ ಪುಡಿ ಉದುರುತ್ತಲೇ ಇರುತ್ತದೆ. ಕಪ್ಪು ಶರ್ಟ್ ಹಾಕಿಕೊಂಡು ಹತ್ತಿರ ಹೋದರೆ ಹಿಟ್ಟಿನ ಗಿರಣಿಯಿಂದ ಬಂದ ಹಾಗಿರುತ್ತದೆ. ಮೊದಲ ಸೋನೆಮಳೆಗೆ ಇಬ್ಬರೂ ಆ ತೆರೆದ ಕಡೆಗೆ ಬಂದು, ರೆಕ್ಕೆ ಬಿಚ್ಚಿ, ತಲೆಕೆಳಗಾಗಿ ಜೋತಾಡಿ ನೆನೆದರು.

ಬಿಸಿಲು ಯಾಕೆ ಇಷ್ಟು ಮುಖ್ಯ

ಗ್ರೇ ಸಾಕುವವರು ಹೆದರಬೇಕಾದ ದೊಡ್ಡ ಕಾಯಿಲೆ ಕ್ಯಾಲ್ಸಿಯಂ ಕೊರತೆ. ಬೇರೆ ಗಿಳಿಗಳಿಗಿಂತ ಗ್ರೇಗೆ ಇದು ಜಾಸ್ತಿ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದಾಗ ಹಕ್ಕಿ ತೂರಾಡುತ್ತದೆ, ಕೋಲಿನಿಂದ ಬೀಳುತ್ತದೆ, ಫಿಟ್ಸ್ ಬರುತ್ತದೆ. ಮೊಟ್ಟೆ ಇಡುವ ಹೆಣ್ಣಿಗಾದರೆ ಮೊಟ್ಟೆ ಒಳಗೇ ಸಿಕ್ಕಿಕೊಂಡು ಜೀವಕ್ಕೇ ಬರುತ್ತದೆ. ತಿಂದ ಕ್ಯಾಲ್ಸಿಯಂ ಮೈಗೆ ಹತ್ತಬೇಕಾದರೆ ವಿಟಮಿನ್ ಡಿ3 ಬೇಕು. ಅದು ತಯಾರಾಗುವುದು ಬಿಸಿಲಿನ ಯುವಿ-ಬಿ ಕಿರಣ ಮೈಗೆ ಬಿದ್ದಾಗ. ಯುವಿ-ಬಿ ಬೆಳಕು ಕೊಟ್ಟಾಗ ಗ್ರೇಗಳ ರಕ್ತದಲ್ಲಿ ಕ್ಯಾಲ್ಸಿಯಂ ಏರುವುದನ್ನು ಪಶುವೈದ್ಯರು ಅಳೆದು ತೋರಿಸಿದ್ದಾರೆ. ಕಿಟಕಿ ಗಾಜಿನ ಹಿಂದೆ ಇಟ್ಟು "ಬಿಸಿಲು ಬರ್ತದಲ್ವಾ" ಅಂದುಕೊಂಡರೆ ಪ್ರಯೋಜನ ಇಲ್ಲ. ಗಾಜು ಆ ಕಿರಣವನ್ನು ತಡೆದುಬಿಡುತ್ತದೆ. ಹಾಲ್‌ನಲ್ಲೇ ಇಟ್ಟು ಮರಿ ಮಾಡಿಸುವ ಆಲೋಚನೆಯನ್ನು ನಾವು ಕೈಬಿಟ್ಟಿದ್ದು ಇದಕ್ಕೇ.

ಕೂರುವ ಕೋಲುಗಳಿಗೆ ಸೀಬೆ ಮತ್ತು ಹುಣಸೆ ಕೊಂಬೆ. ಔಷಧಿ ಹೊಡೆಯದ ಮರದ್ದೇ ಆಗಬೇಕು. ತೊಗಟೆ ಸಮೇತ ತೊಳೆದು, ಬಿಸಿಲಿಗೆ ಒಣಗಿಸಿ ಹಾಕಿದೆ. ಮುಕ್ಕಾಲು ಇಂಚಿನಿಂದ ಒಂದೂವರೆ ಇಂಚಿನ ತನಕ ಬೇರೆ ಬೇರೆ ದಪ್ಪ, ಇಲ್ಲದಿದ್ದರೆ ಪಾದ ಒಂದೇ ಕಡೆ ಒತ್ತಿ ಹುಣ್ಣಾಗುತ್ತದೆ. ಗೂಡಿನ ಹತ್ತಿರದ ದಪ್ಪ ಕೋಲನ್ನು ಎರಡೂ ತುದಿಗೆ ಬೋಲ್ಟ್ ಹಾಕಿ, ನಾನೇ ಜೋತುಬಿದ್ದು ನೋಡಿ, ಅಲುಗದ ಹಾಗೆ ಬಿಗಿದೆ. ಜೋಡಿ ಕೂಡುವುದು ಆ ಕೋಲಿನ ಮೇಲೆ. ಕೋಲು ಅಲ್ಲಾಡಿದರೆ ಗಂಡಿಗೆ ಹಿಡಿತ ಸಿಗುವುದಿಲ್ಲ, ಮೊಟ್ಟೆ ಬಂದರೂ ಜೊಳ್ಳು. ವರ್ಷಾನುಗಟ್ಟಲೆ ಜೊಳ್ಳು ಮೊಟ್ಟೆ ಇಡುತ್ತಿದೆ ಅನ್ನುವವರು ಔಷಧಿ ಹುಡುಕುವ ಮೊದಲು ಕೋಲು ಹಿಡಿದು ಅಲುಗಿಸಿ ನೋಡಬೇಕು.

ಗೂಡುಪೆಟ್ಟಿಗೆ

ಕಾಡಿನಲ್ಲಿ ಗ್ರೇ ಗೂಡು ಮಾಡುವುದು ಎತ್ತರದ ಮರದ ಪೊಟರೆಯಲ್ಲಿ. ಒಳಗೆ ಕತ್ತಲು, ಆಳ, ಇಕ್ಕಟ್ಟು. ನಮ್ಮ ಪೆಟ್ಟಿಗೆಯೂ ಹಾಗೇ ಇರಬೇಕು. ಪ್ಲೈವುಡ್ ಬೇಡ ಅಂತ ಮೊದಲೇ ತೀರ್ಮಾನಿಸಿದ್ದೆ. ಹಕ್ಕಿ ಪೆಟ್ಟಿಗೆಯನ್ನು ಕಡಿದು ಪುಡಿ ಮಾಡುತ್ತದೆ, ಆ ಪುಡಿಯ ಮೇಲೇ ಮೊಟ್ಟೆ ಇಡುತ್ತದೆ. ಪ್ಲೈವುಡ್‌ನ ಗೋಂದು ಮರಿಯ ಮೂಗಿನ ಹತ್ತಿರ ಇರುವುದು ನನಗೆ ಸರಿ ಕಾಣಲಿಲ್ಲ. ಕೊಡಗಿನ ಕಾಫಿ ತೋಟಗಳಲ್ಲಿ ನೆರಳಿಗೆ ಬೆಳೆಸುವ ಸಿಲ್ವರ್ ಓಕ್ ಹಲಗೆ ಮೈಸೂರಿನ ಸಾಮಿಲ್‌ಗಳಲ್ಲಿ ಕಮ್ಮಿ ಬೆಲೆಗೆ ಸಿಗುತ್ತದೆ. ಹಗುರ, ಮೆತ್ತಗೆ, ಕಡಿಯಲು ಹಿತ. ಒಂದಿಂಚು ದಪ್ಪದ ಹಲಗೆ ತಂದೆ.

ಆಕಾರ ಬೂಟಿನ ಹಾಗೆ. ಒಂದು ಕಡೆ 24 ಇಂಚು ಎತ್ತರದ ಗೂಡು, ಅದರ ಬುಡದಿಂದ ಪಕ್ಕಕ್ಕೆ ಇನ್ನೂ 12 ಇಂಚು ಚಾಚಿದ ಕೋಣೆ. ಅಗಲ ಎಲ್ಲ ಕಡೆ 12 ಇಂಚು. ತೂತು ಮೇಲ್ಗಡೆ. ಹಕ್ಕಿ ತೂತಿನಿಂದ ಇಳಿದು, ತಿರುಗಿ, ಪಕ್ಕದ ಕತ್ತಲೆ ಕೋಣೆಗೆ ಹೋಗುತ್ತದೆ. ನೇರ ಉದ್ದ ಪೆಟ್ಟಿಗೆಯಲ್ಲಿ ಗಾಬರಿಯಾದ ಹಕ್ಕಿ ಮೇಲಿನಿಂದ ಧೊಪ್ಪನೆ ಮೊಟ್ಟೆಗಳ ಮೇಲೆ ಬೀಳುತ್ತದೆ. ಬೂಟಿನಾಕಾರದಲ್ಲಿ ಬಿದ್ದರೂ ಖಾಲಿ ಜಾಗಕ್ಕೆ ಬೀಳುತ್ತದೆ. ಇಳಿಯುವ ಗೋಡೆಗೆ ಏಣಿಯ ಹಾಗೆ ತೆಳು ಪಟ್ಟಿಗಳನ್ನು ಹೊಡೆದೆ. ಮೆಶ್ ತುಂಡು ಹಾಕುವವರಿದ್ದಾರೆ, ಆದರೆ ಕಂಬಿಯ ತುದಿ ಎದ್ದರೆ ಮರಿಯ ರಿಂಗ್ ಸಿಕ್ಕಿಕೊಳ್ಳುತ್ತದೆ.

ತೂತನ್ನು ಬೇಕೆಂತಲೇ ಸ್ವಲ್ಪ ಚಿಕ್ಕದಾಗಿ, ಮೂರೂವರೆ ಇಂಚಿಗೆ ಕೊರೆದೆ. ಕಡಿದು ದೊಡ್ಡದು ಮಾಡಿಕೊಳ್ಳುವ ಕೆಲಸ ಅವರಿಗೇ ಇರಲಿ. ಗೂಡನ್ನು ಸ್ವತಃ ಕೆತ್ತುವುದರಿಂದಲೇ ಜೋಡಿಗೆ ಮರಿ ಮಾಡುವ ಹುರುಪು ಬರುತ್ತದೆ. ಒಳಗೂ ಸಿಲ್ವರ್ ಓಕ್ ತುಂಡುಗಳನ್ನು ಒಂದಷ್ಟು ಹಾಕಿ, ತಳಕ್ಕೆ ಬಡಗಿ ಅಂಗಡಿಯ ಉಜ್ಜುಗೊರಡಿನ ಹೊಟ್ಟನ್ನು ನಾಲ್ಕಿಂಚು ತುಂಬಿದೆ. ಗರಗಸದ ನುಣ್ಣನೆ ಪುಡಿ ಬೇಡ, ಮರಿಯ ಮೂಗಿಗೆ ಹೋಗುತ್ತದೆ. ಪಾಲಿಶ್ ಮಾಡಿದ ಮರದ ಹೊಟ್ಟಂತೂ ಬೇಡವೇ ಬೇಡ.

ನೋಡುವ ಬಾಗಿಲು ತಳದಿಂದ ಆರಿಂಚು ಮೇಲೆ, ಪಂಜರದ ಹೊರಗಿನಿಂದ ತೆರೆಯುವ ಹಾಗೆ. ಮೊಟ್ಟೆ ನೋಡಲು ಪಂಜರದೊಳಗೆ ಕಾಲಿಡುವ ಅಗತ್ಯವೇ ಬರಬಾರದು. ಮೇಲ್ಮೂಲೆಯಲ್ಲಿ ಇನ್‌ಫ್ರಾರೆಡ್ ಕ್ಯಾಮೆರಾ ಕೂರಿಸಿ, ವೈರ್‌ನ್ನು ಸ್ಟೀಲ್ ಪೈಪಿನೊಳಗೆ ತಂದೆ. ಅದರ ಮೈಕಿನಿಂದ ನನಗೆ ಚಿತ್ರಕ್ಕಿಂತ ಜಾಸ್ತಿ ಸಹಾಯ ಆಯಿತು.

ಪೆಟ್ಟಿಗೆ ಸಿದ್ಧವಾದರೂ ಹಾಕಿದ್ದು ದೀಪಾವಳಿ ಕಳೆದ ಮೇಲೆ. ಪಟಾಕಿ ಸದ್ದಿಗೆ ರಾತ್ರಿ ಗಾಬರಿಯಾದ ಗ್ರೇ ಕತ್ತಲಲ್ಲಿ ಹಾರಿ ಗೋಡೆಗೆ ಬಡಿದುಕೊಳ್ಳುತ್ತದೆ. ಮೊಟ್ಟೆ ಇದ್ದರೆ ತುಳಿದು ಒಡೆಯುತ್ತದೆ. ಹಬ್ಬದ ದಿನಗಳಲ್ಲಿ ಜೋಡಿಯನ್ನು ಕೆಳಗೆ ರೂಮಿಗೆ ತಂದು, ದೀಪ ಹಾಕಿ ಇಟ್ಟುಕೊಂಡೆವು.

ಊಟ

ಸೂರ್ಯಕಾಂತಿ ಬೀಜ ಬಟ್ಟಲ ತುಂಬ ಹಾಕಿ ಸಾಕುವ ಪದ್ಧತಿ ನಮ್ಮಲ್ಲಿ ಇನ್ನೂ ಹೋಗಿಲ್ಲ. ಅದರಲ್ಲಿ ಎಣ್ಣೆ ಜಾಸ್ತಿ, ಕ್ಯಾಲ್ಸಿಯಂ ಕಮ್ಮಿ, ವಿಟಮಿನ್ ಎ ಇಲ್ಲವೇ ಇಲ್ಲ ಅನ್ನಬಹುದು. ಬೆಳಗ್ಗೆ ನಮ್ಮವರಿಗೆ ಹೆಸರುಕಾಳು, ಕಡಲೆಕಾಳು, ರಾಗಿ ಮೊಳಕೆ, ಜೊತೆಗೆ ತುರಿದ ಕ್ಯಾರೆಟ್, ಸಿಹಿಗುಂಬಳ, ಪಪ್ಪಾಯಿ, ಕೆಂಪು ಮೆಣಸಿನಕಾಯಿ. ಖಾರ ಗಿಳಿಗೆ ತಾಗುವುದಿಲ್ಲ. ನುಗ್ಗೆ ಸೊಪ್ಪನ್ನು ಕಡ್ಡಿ ಸಮೇತ ಕಟ್ಟಿ ತೂಗುಹಾಕುತ್ತೇನೆ, ಬಿಡಿಸಿ ತಿನ್ನುವುದರಲ್ಲೇ ಅರ್ಧ ಗಂಟೆ ಹೋಗುತ್ತದೆ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಜಾಸ್ತಿ ಕ್ಯಾಲ್ಸಿಯಂ ಇದೆ. ಗ್ರೇ ಸಾಕುವ ಕರ್ನಾಟಕದವರಿಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು? ಮಧ್ಯಾಹ್ನ ಪೆಲೆಟ್ (ಗಿಳಿಗೆಂದೇ ಮಾಡಿದ ಉಂಡೆ ಆಹಾರ), ಸಂಜೆ ಒಂದು ಹಿಡಿ ಕಾಳು. ಕಟಲ್‌ಬೋನ್, ಅಂದರೆ ಕ್ಯಾಲ್ಸಿಯಂ ಇರುವ ಕಡಲಜೀವಿಯ ಚಿಪ್ಪು, ಯಾವಾಗಲೂ ಕಂಬಿಗೆ ಕಟ್ಟಿರುತ್ತದೆ.

ಬೆಣ್ಣೆಹಣ್ಣು, ಚಾಕೊಲೇಟ್, ಕಾಫಿ, ಟೀ, ಈರುಳ್ಳಿ, ಉಪ್ಪಿನ ತಿಂಡಿ ಕೂಡದು. ಬೆಣ್ಣೆಹಣ್ಣು ಜೀವಕ್ಕೇ ಅಪಾಯ. ನಾನ್‌ಸ್ಟಿಕ್ ಪಾತ್ರೆ ಅತಿಯಾಗಿ ಕಾದಾಗ ಬರುವ ಹೊಗೆ ಹಕ್ಕಿಯನ್ನು ನಿಮಿಷಗಳಲ್ಲಿ ಕೊಲ್ಲುತ್ತದೆ. ಪಂಜರ ತಾರಸಿಗೆ ಹೋದರೂ ಅಡುಗೆಮನೆಯಲ್ಲಿ ಆ ಪಾತ್ರೆಗಳನ್ನು ನಾವು ಮತ್ತೆ ತರಲಿಲ್ಲ. ಸೊಳ್ಳೆಬತ್ತಿ, ಸಾಂಬ್ರಾಣಿ ಕೂಡ ಅವರ ಹತ್ತಿರ ಹಚ್ಚುವುದಿಲ್ಲ.

ತಲೆಗೂ ಕೆಲಸ ಬೇಕು. ಅಮೆರಿಕದ ವಿಜ್ಞಾನಿ ಐರೀನ್ ಪೆಪ್ಪರ್‌ಬರ್ಗ್ 1977ರಿಂದ ಕಲಿಸಿದ ಅಲೆಕ್ಸ್ ಅನ್ನುವ ಗ್ರೇ, ಬಣ್ಣ, ಆಕಾರ ಹೇಳುತ್ತಿತ್ತು, ಆರರ ತನಕ ಎಣಿಸುತ್ತಿತ್ತು. ಅಂಥ ತಲೆ ಇರುವ ಹಕ್ಕಿಯನ್ನು ಖಾಲಿ ಪಂಜರದಲ್ಲಿ ಕೂರಿಸಿದರೆ ತನ್ನ ಪುಕ್ಕ ತಾನೇ ಕಿತ್ತುಕೊಳ್ಳುತ್ತದೆ. ತೆಂಗಿನ ಚಿಪ್ಪು, ಸಿಪ್ಪೆ ಸಮೇತ ಜೋಳದ ತೆನೆ, ಕಾಗದದಲ್ಲಿ ಸುತ್ತಿದ ಕಡಲೆಕಾಯಿ ಏನಾದರೊಂದು ದಿನಾ ಬದಲಾಗುತ್ತಿರಬೇಕು.

ಮೊಟ್ಟೆ, ಮರಿ

ಪೆಟ್ಟಿಗೆ ಹಾಕಿದ ಮೊದಲ ದಿನಗಳಲ್ಲಿ ಇಬ್ಬರೂ ಅದರಿಂದ ದೂರ ಕುಳಿತರು. ಆಮೇಲೆ ಗಂಡು ತೂತಿನ ಅಂಚು ಕಡಿಯಲು ಶುರುಮಾಡಿದ. ತಲೆ ಒಳಗೆ ಹಾಕಿ ತೆಗೆಯುವುದು, ಮತ್ತೆ ಹಾಕುವುದು. ಒಂದು ಮಧ್ಯಾಹ್ನ ಕೆಂಪು ಬಾಲ ಮಾತ್ರ ಹೊರಗಿತ್ತು. ಅವನು ಒಪ್ಪಿಕೊಂಡ ಮೇಲೆ ಅವಳು ಒಳಗೆ ಹೋದಳು. ಮನೆಯೊಳಗಿದ್ದಾಗ ಅತ್ತೆಯ ದನಿಯಲ್ಲೇ "ಹಾಲು ಬಂತಾ?" ಅಂತ ಕೇಳುತ್ತಿದ್ದವನು ಈಗ ನಮ್ಮ ಜೊತೆ ಮಾತು ಬಿಟ್ಟ. ನಾನು ಹತ್ತಿರ ಹೋದರೆ ಗುರ್ರ್ ಅಂದು ಕೋಲಿನ ತುದಿಗೆ ಬರುತ್ತಿದ್ದ. ಮುದ್ದಿನ ಹಕ್ಕಿ ಮರಿ ಮಾಡಲು ಹೊರಟರೆ ನಮ್ಮಿಂದ ದೂರ ಆಗುತ್ತದೆ. ಅದಕ್ಕೆ ಮನಸ್ಸಿಲ್ಲದವರು ಜೋಡಿ ಕಟ್ಟಬಾರದು.

ಡಿಸೆಂಬರ್‌ನಲ್ಲಿ ಮೊದಲ ಮೊಟ್ಟೆ. ಎರಡು ಮೂರು ದಿನ ಬಿಟ್ಟು ಇನ್ನೊಂದು, ಮತ್ತೆ ಮೂರನೆಯದು. ಗ್ರೇ ಸಾಮಾನ್ಯವಾಗಿ ಮೂರು ನಾಲ್ಕು ಮೊಟ್ಟೆ ಇಡುತ್ತದೆ. ಕಾವು ಕೂರುವುದು ಹೆಣ್ಣು, ಗಂಡು ಊಟ ತಂದುಕೊಡುತ್ತದೆ. ಅವಳು ಬೆಳಗ್ಗೆ ಹಿಕ್ಕೆ ಹಾಕಲು ಹೊರಬರುವ ಆ ಐದು ನಿಮಿಷದಲ್ಲೇ ನೋಡುವ ಕೆಲಸ ಮುಗಿಯಬೇಕು. ಹತ್ತು ದಿನ ಆದ ಮೇಲೆ ಮೊಟ್ಟೆಗೆ ಟಾರ್ಚ್ ಹಿಡಿದು ನೋಡಿದೆ. ಎರಡರಲ್ಲಿ ಜೇಡರ ಬಲೆಯ ಹಾಗೆ ಕೆಂಪು ನರಗಳು. ಒಂದು ಹಳದಿಯಾಗಿ ಖಾಲಿ. ಖಾಲಿಯದನ್ನೂ ಹಾಗೇ ಬಿಟ್ಟೆ, ಅವಳಿಗೆ ಲೆಕ್ಕ ತಪ್ಪಿದ ಹಾಗೆ ಆಗಬಾರದಲ್ವಾ.

28 ದಿನಕ್ಕೆ ಮೈಕಿನಲ್ಲಿ ಸಣ್ಣ ಕೀಚಲು ಕೇಳಿಸಿತು. ಅಡುಗೆಮನೆಯಲ್ಲಿದ್ದ ಅತ್ತೆಯವರೇ ಮೊದಲು ಕೇಳಿಸಿಕೊಂಡು ಕೂಗಿದರು. ಕ್ಯಾಮೆರಾದಲ್ಲಿ ಕಂಡಿದ್ದು ಅವಳ ಎದೆಯ ಕೆಳಗೆ ತೂಗಾಡುವ ಒಂದು ಗುಲಾಬಿ ತಲೆ, ಮುಚ್ಚಿದ ಕಣ್ಣು. ಅವಳು ಆ ಮರಿಯನ್ನು ಕೊಕ್ಕಿನಿಂದ ಅಂಗಾತ ಮಾಡಿ, ಅದರ ಕೊಕ್ಕನ್ನು ತನ್ನ ಕೊಕ್ಕಿನೊಳಗೆ ಹಿಡಿದು ತಿನ್ನಿಸಿದಳು. ಅಷ್ಟು ಗಟ್ಟಿ ಕಂಬಿ ಬಗ್ಗಿಸುವ ಕೊಕ್ಕು ಇಷ್ಟು ಮೃದುವಾಗಿ ಕೆಲಸ ಮಾಡುವುದು ನೋಡಿ ನಮಗೆಲ್ಲ ಮಾತೇ ಹೊರಡಲಿಲ್ಲ.

ಎರಡೂ ಮರಿ ಬಂದವು. ತಂದೆತಾಯಿಗೆ ಊಟ ಜಾಸ್ತಿ ಮಾಡಿದೆವು: ದಿನಕ್ಕೆ ಮೂರು ಸಲ ಮೊಳಕೆ, ಬೇಯಿಸಿದ ಮೊಟ್ಟೆ ಚಿಪ್ಪು ಸಮೇತ, ಉಪ್ಪಿಲ್ಲದ ರಾಗಿಮುದ್ದೆಯ ಸಣ್ಣ ಉಂಡೆ. ಮುದ್ದೆ ಎಲ್ಲಕ್ಕಿಂತ ಬೇಗ ಖಾಲಿ. ಮೂರನೇ ವಾರದ ಹೊತ್ತಿಗೆ ಪಾದ ಇನ್ನೂ ಸಣ್ಣದಿರುವಾಗ ಕ್ಲೋಸ್ಡ್ ರಿಂಗ್, ಅಂದರೆ ಬಿಚ್ಚಲು ಬಾರದ ಬಳೆಯಂಥ ರಿಂಗ್ ತೂರಿಸಿದೆವು. ಮುಂದಿನ ಎರಡು ಬೆರಳು, ಹಿಂದಿನ ಉದ್ದ ಬೆರಳು ಸೇರಿಸಿ ಹಿಡಿದು, ರಿಂಗ್ ದಾಟಿಸಿ, ಹಿಂದಿನ ಗಿಡ್ಡ ಬೆರಳನ್ನು ಮೆಲ್ಲಗೆ ಹೊರಗೆ ಎಳೆಯಬೇಕು. ದೊಡ್ಡ ಹಕ್ಕಿಗೆ ಈ ರಿಂಗ್ ಹಾಕಲು ಬರುವುದಿಲ್ಲ. ಹಾಗಾಗಿ ಮರಿ ಮನೆಯಲ್ಲೇ ಹುಟ್ಟಿದ್ದಕ್ಕೆ ಅದು ಸಾಕ್ಷಿ. ನಂಬರುಗಳನ್ನು ಬರೆದುಕೊಂಡು ಅರಣ್ಯ ಇಲಾಖೆಗೆ ತಿಳಿಸಿದೆವು.

ಮರಿಯನ್ನು ಎರಡು ಮೂರು ವಾರಕ್ಕೇ ತೆಗೆದು ಕೈಯಲ್ಲಿ ತಿನ್ನಿಸಿ ಬೆಳೆಸುವುದು ಮಾರುಕಟ್ಟೆಯ ರೂಢಿ. ನನಗೆ ಅದು ಒಪ್ಪಿಗೆ ಇಲ್ಲ. ಹಿಟ್ಟಿನ ಬಿಸಿ 39–40 ಡಿಗ್ರಿಯ ಆಸುಪಾಸಿನಲ್ಲೇ ಇರಬೇಕು. ಸ್ವಲ್ಪ ಏರಿದರೂ ಮರಿಯ ಗಂಟಲಚೀಲ ಸುಡುತ್ತದೆ, ತಣ್ಣಗಾದರೆ ಒಳಗೇ ಹುಳಿಯುತ್ತದೆ. ಅದಕ್ಕಿಂತ ಮುಖ್ಯ ಇನ್ನೊಂದಿದೆ. ತನ್ನವರ ಜೊತೆ ಬೆಳೆಯದ ಗ್ರೇಗೆ ಮುಂದೆ ಜೋಡಿಯಾಗುವುದು, ಮರಿ ಸಾಕುವುದು ಕಷ್ಟ. ನಾವು ಮರಿಗಳನ್ನು ಪೆಟ್ಟಿಗೆಯಲ್ಲೇ ಬಿಟ್ಟು, ನಾಲ್ಕನೇ ವಾರದಿಂದ ದಿನಾ ಸ್ವಲ್ಪ ಹೊತ್ತು ಮಾತ್ರ ಕೈಗೆತ್ತಿಕೊಂಡೆವು. ತಂದೆತಾಯಿ ಊಟಕ್ಕೆ ಹೊರಬಂದಾಗ ಹಿಂದಿನ ಬಾಗಿಲಿನಿಂದ ತೆಗೆಯುವುದು, ಅಡುಗೆಮನೆ ತಕ್ಕಡಿಯಲ್ಲಿ ತೂಕ ನೋಡುವುದು, ಅಂಗೈಯಲ್ಲಿ ಬೆಚ್ಚಗೆ ಹಿಡಿಯುವುದು, ವಾಪಸ್ ಇಡುವುದು. ಮೊದಲು ಅವೂ ಅಪ್ಪನ ಹಾಗೆಯೇ ಗುರುಗುಟ್ಟುತ್ತಿದ್ದವು. ಬರಬರುತ್ತಾ ಕೈ ಕಂಡರೆ ಕುತ್ತಿಗೆ ಬಗ್ಗಿಸಿ ಕೆರೆಸಿಕೊಳ್ಳಲು ನಿಂತವು. ತೂಕ ಒಂದು ದಿನ ಇಳಿದರೆ ಗಮನ ಕೊಡಬೇಕು, ಎರಡನೇ ದಿನವೂ ಇಳಿದರೆ ಹಕ್ಕಿಗಳನ್ನು ನೋಡಿ ಅನುಭವ ಇರುವ ಡಾಕ್ಟರ ಹತ್ತಿರ ಹೋಗಬೇಕು. ಆ ಡಾಕ್ಟರ ನಂಬರನ್ನು ಮೊಟ್ಟೆ ಬರುವ ಮೊದಲೇ ಹುಡುಕಿಟ್ಟುಕೊಳ್ಳಿ.

ಏಪ್ರಿಲ್ ಹೊತ್ತಿಗೆ, ಸುಮಾರು ಹನ್ನೆರಡು ವಾರಕ್ಕೆ, ದೊಡ್ಡ ಮರಿ ತೂತಿನಿಂದ ಹೊರಬಂದು ನೇರ ನೆಲಕ್ಕೆ ಬಿತ್ತು. ಅದಕ್ಕೆಂದೇ ನೆಲಕ್ಕೆ ತೆಂಗಿನ ನಾರಿನ ಚಾಪೆ ಹಾಸಿದ್ದೆವು. ಅಪ್ಪ ಇಳಿದು ಬಂದು ಪಕ್ಕದಲ್ಲೇ ನಿಂತ. ಮರಿ ಕಂಬಿ ಕಚ್ಚಿಕೊಂಡು ಒಂದೊಂದೇ ಹೆಜ್ಜೆ ಮೇಲೇರಿತು. ಚಿಕ್ಕದು ಹೊರಬರಲು ಇನ್ನೂ ಒಂದಷ್ಟು ದಿನ ತೆಗೆದುಕೊಂಡಿತು.

ಈಗ ಪೆಟ್ಟಿಗೆ ಬಿಚ್ಚಿ ಕೆಳಗಿಳಿಸಿದ್ದೇನೆ. ವರ್ಷಪೂರ್ತಿ ಪೆಟ್ಟಿಗೆ ಬಿಟ್ಟರೆ ಅವಳು ಮೇಲಿಂದ ಮೇಲೆ ಮೊಟ್ಟೆ ಇಟ್ಟು ಮೈಯ ಕ್ಯಾಲ್ಸಿಯಂ ಎಲ್ಲ ಕಳೆದುಕೊಳ್ಳುತ್ತಾಳೆ. ತೂತಿನ ಹಲಗೆ ಅಂಗೈ ಅಗಲಕ್ಕೆ ಸವೆದಿದೆ, ಅದನ್ನು ಬದಲಾಯಿಸಬೇಕು. ಉಳಿದ ಹಲಗೆಗಳನ್ನು ಕುದಿನೀರು ಹಾಕಿ ಉಜ್ಜಿ ಬಿಸಿಲಿಗಿಟ್ಟಾಯಿತು. ಮರಿಗಳು ತಾವಾಗಿ ತಿನ್ನುವುದು ಪೂರ್ತಿ ಕಲಿತ ಮೇಲೆ ಅವಕ್ಕೆ ಪಕ್ಕದಲ್ಲೇ, ಅದೇ ಗೋಡೆಗೆ ಒರಗಿಸಿ, ಎಂಟು ಅಡಿ ಉದ್ದದ ಇನ್ನೊಂದು ಪಂಜರ ಬರುತ್ತದೆ. ಮೆಶ್ 304ರದ್ದೇ. ಬಾಗಿಲು ಎರಡು ಅಂತ ಈ ಸಲ ವೆಲ್ಡರ್ ಅಣ್ಣನೇ ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದಾರೆ.